ಸ್ವಾಮಿಯನ್ನು ಓದೋದಾ, ನೋಡೋದಾ?

ಮಾಲ್ಗುಡಿ ಅನ್ನೋ ಕಾಲ್ಪನಿಕ ಊರು ಗೊತ್ತಿಲ್ಲದವರಿಗೆ ಎರಡು ದಾರಿ: ಆರ್.ಕೆ. ನಾರಾಯಣ್ ಅವರ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’, ಇಲ್ಲವೇ 1986ರಲ್ಲಿ ದೂರದರ್ಶನದಲ್ಲಿ ಶುರುವಾದ ಶಂಕರ್ ನಾಗ್ ಧಾರಾವಾಹಿ ‘ಮಾಲ್ಗುಡಿ ಡೇಸ್’. ಈಚೆಗೆ ಎರಡನ್ನೂ ಮತ್ತೆ ಮುಗಿಸಿದೆ.

ಮನೆಯಲ್ಲಿ ಮಕ್ಕಳಿದ್ದರೆ ಧಾರಾವಾಹಿಯೇ ಸರಿ. ಆಗುಂಬೆಯ ಬೀದಿ, ಎಲ್. ವೈದ್ಯನಾಥನ್ ಸಂಗೀತ, ಸ್ವಾಮಿ ಅನ್ನೋ ಹುಡುಗನಾಗಿ ನಟಿಸಿದ ಮಾಸ್ಟರ್ ಮಂಜುನಾಥ್ ಕಣ್ಣು, ಎಲ್ಲಾ ಥಟ್ಟನೆ ಹಿಡಿಸುತ್ತೆ.

ನನಗೆ ಮಾತ್ರ ಪುಸ್ತಕವೇ ಜಾಸ್ತಿ ಇಷ್ಟ. ಅದರಲ್ಲಿ ಸ್ವಾಮಿಗೆ ಅವನಪ್ಪ ಲೆಕ್ಕ ಕೊಡ್ತಾರೆ: ರಾಮನ ಹತ್ತು ಮಾವಿನಹಣ್ಣಿಗೆ ಹದಿನೈದಾಣೆ, ಕೃಷ್ಣನಿಗೆ ನಾಲ್ಕು ಬೇಕು, ಎಷ್ಟು ಕೊಡಬೇಕು? ಸ್ವಾಮಿಗೆ ಲೆಕ್ಕ ಬೇಕಿಲ್ಲ, ಹಣ್ಣು ಮಾಗಿದೆಯಾ ಅನ್ನೋದೇ ಚಿಂತೆ. ಆ ಹುಡುಗನ ತಲೆಯೊಳಗೇ ಕೂತ ಹಾಗಿರುತ್ತೆ, ಅಲ್ವಾ? ಇಂಗ್ಲಿಷೂ ಸರಳ, ಭಯ ಬೇಡ.

ಮೈಸೂರಿನವರಾದರೆ ಪುಸ್ತಕ ಮುಗಿಸಿ ಯಾದವಗಿರಿಗೆ ಹೋಗಿ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ.