ನಾಲ್ಕು ನಳಿಗೆಯ ಆಸೆಗೆ ಬಿದ್ದು

ಎರಡನೇ ಮಹಾಯುದ್ಧದ ಜರ್ಮನ್ ಹಾಫ್‌ಟ್ರ್ಯಾಕ್ ಮೂರು ಕೊಂಡೆ. ಮುಂದೆ ಟೈರು, ಹಿಂದೆ ಟ್ಯಾಂಕಿನ ಥರ ಚೈನು, ಮೇಲೆ ವಿಮಾನ ಹೊಡೆಯುವ ಗನ್. ಎಲ್ಲವೂ ಅಂಟಿಸಿ ಜೋಡಿಸುವ ಆಟದ ಕಿಟ್, ನಿಜ ಗಾಡಿಯ 1/72 ಅಳತೆ. ಈಗ ಪುಟಾಣಿ ಸೈನ್ಯ ಇಟ್ಟು ಯುದ್ಧ ಆಡುವ ಮೇಜಿಗೆ ನಾನು ಒಯ್ಯುವುದು ಒಂದನ್ನೇ, 251/21 ಅನ್ನುವ ಮಾದರಿ.

ಮೊದಲು ಕೊಂಡಿದ್ದು 7/1. ಎಂಟು ಟನ್ ಎಳೆಯುವ ವರ್ಗದ ಗಾಡಿ, ಮೇಲೆ 2 ಸೆಂ.ಮೀ. ಬಾಯಿಯ ಗನ್ನಿನ ನಾಲ್ಕು ನಳಿಗೆ. ಗನ್ನರ್ ಕಾಲಡಿ ಎರಡು ಪೆಡಲ್. ಒಂದನ್ನು ತುಳಿದರೆ ಮೂಲೆಗೆ ಮೂಲೆ ಎರಡು ನಳಿಗೆ ಸಿಡಿಯುತ್ತವೆ. ಮ್ಯಾಗಜಿನ್‌ಗೆ ಬರೀ 20 ಗುಂಡು. ಈ ಜೋಡಿ ಹೊಡೆಯುವಾಗ ಆ ಜೋಡಿಗೆ ತುಂಬಬಹುದು. ಇದನ್ನು ಓದಿಯೇ ಮರುಳಾಗಿದ್ದು ನಾನು.

ತೊಂದರೆ ಕೊಟ್ಟಿದ್ದು ಗನ್ ಅಲ್ಲ, ಪಕ್ಕದ ಹಲಗೆ. ಗನ್ ಸುತ್ತಲೂ ತಿರುಗಬೇಕಾದರೆ ಅವನ್ನು ಕೆಳಗೆ ಬಿಡಿಸಬೇಕು. ಬಿಡಿಸಿದ ಹಲಗೆಯೇ ಸಿಬ್ಬಂದಿ ನಿಲ್ಲುವ ಜಗಲಿ. ಕಿಟ್‌ನಲ್ಲಿ ಮುಚ್ಚಿ ಅಂಟಿಸಬೇಕು, ಇಲ್ಲವೇ ಬಿಚ್ಚಿ. ಬಿಚ್ಚಿ ಅಂಟಿಸಿದೆ. ಗಾಡಿ ಎಷ್ಟು ಅಗಲವಾಯಿತು ಅಂದರೆ ಹಳ್ಳಿಯ ರಟ್ಟಿನ ಮನೆಗಳ ನಡುವೆ ತೂರಲೇ ಇಲ್ಲ. ಎದುರಾಳಿಯ ಅಂಗಿತೋಳಿಗೆ ಸಿಕ್ಕಿ ಎರಡು ಸಲ ಉರುಳಿತು. ಎರಡನೇ ಸಲ ಒಂದು ನಳಿಗೆಯೂ ಹೋಯಿತು.

ಸರಿ, ಹಲಗೆ ಕಿತ್ತು, ಪುಟಾಣಿ ಅಯಸ್ಕಾಂತ ಕೂರಿಸಿದೆ. ಮುಚ್ಚಲೂ ಬಂತು, ಬಿಚ್ಚಲೂ ಬಂತು. ಆದರೆ ಹಲಗೆಗೆ ಅಂಟಿಸಿದ್ದ ನಾಲ್ಕು ಸೈನಿಕರು ಎಲ್ಲಿಗೆ ಹೋಗಬೇಕು? ಅವರನ್ನೂ ಕಿತ್ತೆ. ಈಗ ಗಾಡಿ ಒಂದು ಗೇಣು ಮುಂದೆ ಹೋಗಬೇಕಾದರೆ ಸೈನಿಕರನ್ನು ಎತ್ತಿ, ಹಲಗೆ ಮುಚ್ಚಿ, ಸರಿಸಿ, ಮತ್ತೆ ಬಿಚ್ಚಿ, ಮತ್ತೆ ನಿಲ್ಲಿಸಬೇಕು. ಅಷ್ಟು ಹೊತ್ತಿಗೆ ಎದುರಾಳಿ ಕಾಫಿ ಮುಗಿಸಿರುತ್ತಾನೆ.

ಮತ್ತೊಂದು, 10/5, ಒಂದು ಟನ್ ಎಳೆಯುವ ವರ್ಗದ ಚಿಕ್ಕ ಗಾಡಿ, ಒಂದೇ ನಳಿಗೆ. ಬೆಲೆ ಕಡಿಮೆ. ಸಿಬ್ಬಂದಿಗೆ ಮರೆ ಇಲ್ಲ, ನನ್ನವರು ಎರಡನೇ ಸರದಿಯಲ್ಲೇ ಸತ್ತರು. 1940ರ ಫ್ರಾನ್ಸ್ ಕಾಳಗ ಆಡುವವರಿಗೆ ಇದಕ್ಕಿಂತ ಮೊದಲು ಬಂದ ಅಣ್ಣ 10/4 ಚೆನ್ನ.

251/21ರಲ್ಲಿ ಇರುವುದು ಮೂರು ಎಂಜಿ 151. ವಿಮಾನಕ್ಕೆಂದೇ ಮಾಡಿದ ಗನ್ನನ್ನು ತಂದು ಉಕ್ಕಿನ ಗೋಡೆಯ ಒಳಗೆ ಕಂಬದ ಮೇಲೆ ಕೂರಿಸಿದ್ದಾರೆ. ಹಲಗೆ ಬಿಚ್ಚುವ ಗೋಜೇ ಇಲ್ಲ! ಇದು ಬಂದಿದ್ದು 1944ರ ಕೊನೆಗೆ, ಹಾಗಾಗಿ ಆ ವರ್ಷದ ಜೂನ್‌ನಲ್ಲಿ ಶುರುವಾದ ನಾರ್ಮಂಡಿ ಕಾಳಗದ ಆಟಕ್ಕೆ ಸಲ್ಲದು. ನಮ್ಮ ಗುಂಪು ಆಡುವುದು ಬೆಲ್ಜಿಯಂ ಕಡೆಯ ಆರ್ಡೆನ್ ಕಾಡಿನ ಕಾಳಗ, ಅಲ್ಲಿಗೆ ಸರಿಯಾಗಿ ಕೂರುತ್ತದೆ. ಅಲ್ಲಿ ಜರ್ಮನರ ದಾಳಿ ಶುರುವಾಗಿದ್ದು ಆ ವರ್ಷದ ಡಿಸೆಂಬರ್ 16ಕ್ಕೆ, ಮೋಡ ಸರಿದು ಅಮೆರಿಕದ ವಿಮಾನಗಳು ದಂಡಾಗಿ ಬಂದಿದ್ದು 23ಕ್ಕೆ. ಅಲ್ಲಿಯವರೆಗಿನ ಆಟದಲ್ಲಿ ಆಕಾಶಕ್ಕೆ ಹೊಡೆಯಲು ಏನೂ ಇರುವುದಿಲ್ಲ, ಅಲ್ವಾ? ಗನ್ ತಗ್ಗಿಸಿ ಮನೆಯೊಳಗಿನ ಪದಾತಿಗಳ ಮೇಲೇ ಹಾರಿಸುತ್ತೇವೆ. ಅಷ್ಟು ಹತ್ತಿರ ಹೋಗಬೇಕಾದರೆ ಮೈಸುತ್ತ ಉಕ್ಕು ಬೇಕು, ನಾಲ್ಕನೇ ನಳಿಗೆ ಅಲ್ಲ.

7/1ಕ್ಕೆ ಸುರಿದ ದುಡ್ಡಿಗೆ ಇನ್ನೊಂದು 251/21 ಬರುತ್ತಿತ್ತು. ಆ 7/1 ಈಗ ಶೋಕೇಸಿನಲ್ಲಿದೆ, ಮೂರೇ ನಳಿಗೆ, ಹಲಗೆ ಬಿಚ್ಚಿಕೊಂಡು. ಮನೆಗೆ ಬಂದವರು ಮೊದಲು ಕೇಳುವುದು ಮಾತ್ರ ಅದನ್ನೇ.