ಹುಳಿಗೆ ಸಾಂಬಾರ್ ಈರುಳ್ಳಿಯೋ, ದಪ್ಪ ಈರುಳ್ಳಿಯೋ?

ಹೋದ ವರ್ಷ ಊಟಿಯಿಂದ ಬರುವಾಗ ಗುಂಡ್ಲುಪೇಟೆ ಹತ್ತಿರ ರಸ್ತೆ ಬದಿಯಲ್ಲಿ 2 ಕೆಜಿ ಸಾಂಬಾರ್ ಈರುಳ್ಳಿ ತಗೊಂಡೆ. ಅವತ್ತಿನಿಂದ ನಮ್ಮನೆ ಹುಳಿಗೆ ದಪ್ಪ ಈರುಳ್ಳಿ ಬಿದ್ದಿಲ್ಲ.

ಸುಮ್ನೆ ಹೇಳುತ್ತಿಲ್ಲ. ಒಂದು ಭಾನುವಾರ ಅದೇ ಬೇಳೆ, ಅದೇ ಹುಳಿಪುಡಿ ಹಾಕಿ ಎರಡು ಪಾತ್ರೆಯಲ್ಲಿ ಮಾಡಿ ನೋಡಿದೆ. ಹೆಚ್ಚಿ ಹಾಕಿದ ದಪ್ಪ ಈರುಳ್ಳಿ ಕುದಿಯುತ್ತಾ ಎಸಳೆಸಳಾಗಿ ಬಿಟ್ಟುಕೊಂಡು ಸಪ್ಪೆಯಾಯಿತು. ಸಣ್ಣದನ್ನು ಇಡಿಯಾಗಿ ಎಣ್ಣೆಯಲ್ಲಿ ಬಾಡಿಸಿ ಹಾಕಿದ್ದೆ, ಗುಂಡಗೇ ಉಳಿದಿತ್ತು. ಅನ್ನದ ಜೊತೆ ಹಿಚುಕಿದರೆ ಒಳಗಿಂದ ಸಿಹಿ ರಸ, ಅದರಲ್ಲೇ ಹುಳಿಯ ಖಾರ. ಮಾರನೇ ದಿನ ಬಿಸಿ ಮಾಡಿದಾಗ ಇನ್ನೂ ರುಚಿ.

ಕಷ್ಟ ಇರೋದು ಸಿಪ್ಪೆ ತೆಗೆಯೋದರಲ್ಲಿ. ಮೊದಲ ಸಲ ಕಾಲು ಕೆಜಿ ಸುಲಿಯಲು ಮುಕ್ಕಾಲು ಗಂಟೆ ಹಿಡಿಯಿತು. ಒಂದನ್ನು ಬಿಡಿಸಿದರೆ ಒಳಗೆ ಎರಡು ಗಡ್ಡೆ, ಎರಡಕ್ಕೂ ಬೇರೆ ಬೇರೆ ಸಿಪ್ಪೆ. ಮೇಲಿನ ತೆಳು ಪೊರೆ ಉಗುರಿನ ಸಂದಿಗೆ ಸೇರಿ ಸಂಜೆವರೆಗೂ ಉರಿ.

ಬೇಸತ್ತು ಒಮ್ಮೆ ಸುಲಿದಿಟ್ಟ ಪ್ಯಾಕೆಟ್ ತಂದೆ. ತೆರೆದರೆ ಲೋಳೆ ಲೋಳೆ, ಹಳಸಿದ ವಾಸನೆ. ದುಡ್ಡು ದಂಡ.

ಆಮೇಲೆ ನಮ್ಮತ್ತೆ ಹೇಳಿಕೊಟ್ಟರು. ಬೇರಿನ ತುದಿ ಕತ್ತರಿಸಿ ಬಿಸಿ ನೀರಲ್ಲಿ 10 ನಿಮಿಷ ನೆನೆಸಬೇಕು. ಜುಟ್ಟು ಹಿಡಿದು ಒತ್ತಿದರೆ ಗಡ್ಡೆ ಜಾರಿ ಈಚೆ ಬರುತ್ತದೆ. ಈಗ ಕಾಲು ಗಂಟೆ ಸಾಕು. ಆದರೆ ಬಟ್ಟೆಯಲ್ಲಿ ಒರೆಸದೆ ಎಣ್ಣೆಗೆ ಹಾಕಬೇಡಿ, ಸಿಡಿಯುತ್ತದೆ.

ಪಲ್ಯ, ಪಕೋಡ, ಮೊಸರುಬಜ್ಜಿಗೆ ದಪ್ಪದ್ದೇ ಸರಿ. ಬಿರಿಯಾನಿಗೆ ಹುರಿಯಲೂ ಅದೇ, ಆದರೆ ಚೆನ್ನಾಗಿ ಒಣಗಿದ ಹಳೇ ಈರುಳ್ಳಿ ಆಗಬೇಕು. ಮಳೆಗಾಲದ ಹೊಸ ಬೆಳೆಯಲ್ಲಿ ನೀರು ಜಾಸ್ತಿ, ಕೆಂಪಗಾಗುವ ಮೊದಲೇ ಮೆತ್ತಗಾಗುತ್ತದೆ.

ಚಿಕ್ಕಬಳ್ಳಾಪುರ ಕಡೆಯ ಗುಲಾಬಿ ಈರುಳ್ಳಿಯೂ ಒಮ್ಮೆ ಸಿಕ್ಕಿತ್ತು, 2015ರಲ್ಲಿ ಜಿಐ ಟ್ಯಾಗ್ (ಇದು ಆ ಪ್ರದೇಶದ್ದೇ ಬೆಳೆ ಅನ್ನೋ ಅಧಿಕೃತ ಗುರುತು) ಬಂತಲ್ಲ, ಅದೇ. ಘಾಟು ಜಾಸ್ತಿ, ಹುಳಿಗೆ ಚೆನ್ನಾಗಿಯೇ ಇತ್ತು. ಆದರೆ ಹೆಚ್ಚಿನದು ಮಲೇಷ್ಯಾ, ಸಿಂಗಾಪುರದ ಕಡೆ ಹೋಗುತ್ತದೆ. ನಮ್ಮ ಬೀದಿಯ ಗಾಡಿಗೆ ಬರೋದೇ ಇಲ್ಲ.

ಸಾಂಬಾರ್ ಈರುಳ್ಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ದಪ್ಪದ್ದರ ಎರಡರಷ್ಟು ಬೆಲೆ. ಮನೆಯಲ್ಲಿ ಮೂರೇ ಜನ, ವಾರಕ್ಕೆ ಎರಡು ಸಲ ಹುಳಿ, ಅರ್ಧ ಕೆಜಿಯಲ್ಲಿ ಮುಗಿಯುತ್ತದೆ. ಅಷ್ಟು ಖರ್ಚು ನನಗೆ ಭಾರ ಅನಿಸಿಲ್ಲ. ಹಿಂದಿನ ರಾತ್ರಿಯೇ ಸುಲಿದು, ಒರೆಸಿ, ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡುತ್ತೇನೆ. ಬೆಳಗ್ಗೆ ಕುಕ್ಕರ್ ಕೂಗುವಷ್ಟರಲ್ಲಿ ಬಾಣಲೆಯಲ್ಲಿ ಈರುಳ್ಳಿ ಬಾಡಿರುತ್ತದೆ.