ಎಂಟು ಪಟ್ಟು ಸಾಕು: ಕಲಬುರಗಿಯ ಬೆಳಗಿನ ವಾಕಿಂಗಿಗೆ 8×42 ಬೈನಾಕ್ಯುಲರ್

ಹಕ್ಕಿ ನೋಡೋಕೆ ಯಾವ ಬೈನಾಕ್ಯುಲರ್ ತಗೊಳ್ಳಲಿ ಅಂತ ವಾಕಿಂಗ್ ಗೆಳೆಯರು ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. 8×42 ತಗೊಳ್ಳಿ, 10×50 ಬೇಡ, ‘ಜೂಮ್’ ಅಂತ ಬರೆದಿರುವುದನ್ನಂತೂ ಮುಟ್ಟಲೇಬೇಡಿ.

ನನ್ನ ಹತ್ತಿರ ಇರುವುದು ಹತ್ತು ಸಾವಿರದೊಳಗಿನದು. ಎರಡು ನೇರ ಕೊಳವೆ, ಒಳಗೆ ರೂಫ್ ಪ್ರಿಸಂ, ಅಂದರೆ ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಗಾಜು. ಕಂಪನಿ ಹೆಸರು ಹಾಕುವುದಿಲ್ಲ, ಯಾಕಂದ್ರೆ ಈ ಬೆಲೆಯಲ್ಲಿ ಒಂದೇ ಕಾರ್ಖಾನೆಯ ಮಾಲು ಬೇರೆ ಬೇರೆ ಹೆಸರಲ್ಲಿ ಬರುವುದು ಮಾಮೂಲು. ಹೆಸರು ಬಿಟ್ಟು ಡಬ್ಬಿ ಮೇಲಿನ ವಿವರ ಓದಿ. ‘ಬಿಎಕೆ-4’ (ಒಳ್ಳೆ ಜಾತಿಯ ಗಾಜು) ಪ್ರಿಸಂ, ‘ಫುಲ್ಲಿ ಮಲ್ಟಿ-ಕೋಟೆಡ್’ (ಎಲ್ಲ ಗಾಜಿಗೂ ಹಲವು ಪದರ ಲೇಪ ಇರುವ) ಲೆನ್ಸ್, ಇವೆರಡೂ ಇದ್ದರೆ ಮುಂದಿನ ಮಾತು. ಗಾಜು ಕೆಂಪಗೆ ಮಾಣಿಕ್ಯದ ಹಾಗೆ ಹೊಳೆಯುತ್ತಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ, ಅದು ಬರೀ ಶೋಕಿ, ಹಕ್ಕಿಯ ಬಣ್ಣವನ್ನೇ ಕೆಡಿಸುತ್ತದೆ.

ಈಗ ಆ ಅಂಕಿಗಳ ವಿಷಯ. 8 ಅಂದರೆ 80 ಮೀಟರ್ ದೂರದ ತಂತಿ ಮೇಲೆ ಕೂತ ನೀಲಕಂಠ 10 ಮೀಟರಿನಲ್ಲಿದ್ದಂತೆ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿ, 5.25 ಬರುತ್ತದೆ. ಕಣ್ಣಿಗೆ ಬೀಳುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರ್ ಅಗಲ. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಹೊತ್ತು ಹುಟ್ಟುವ ಮುಂಚೆ ಮನೆ ಬಿಡುವವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಅದೂ ಅಲ್ಲದೆ ಹತ್ತು ಪಟ್ಟು ದೊಡ್ಡದು ಮಾಡಿದರೆ ಕೈ ನಡುಕವೂ ಹತ್ತು ಪಟ್ಟು ಆಗುತ್ತದೆ, ನಡೆದು ದಮ್ಮು ಹತ್ತಿದಾಗಂತೂ ಕೇಳಲೇಬೇಡಿ.

ಶರಣಬಸವೇಶ್ವರ ಕೆರೆ ಏರಿ ಮೇಲೆ ನಿಂತು ಗುಳುಮುಳುಕ ನೋಡಿದ್ದೀರಾ? ಇಲ್ಲಿ ಮುಳುಗುತ್ತದೆ, ಎಲ್ಲೋ ಅಲ್ಲಿ ಏಳುತ್ತದೆ. ಅದನ್ನು ಹುಡುಕೋಕೆ ದೊಡ್ಡದಾಗಿ ಕಾಣೋದಕ್ಕಿಂತ ಅಗಲವಾಗಿ ಕಾಣೋದು ಮುಖ್ಯ. ನನ್ನದರಲ್ಲಿ 1000 ಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ನೋಟ ಸಿಗುತ್ತದೆ. ಪಟ್ಟು ಏರಿದಷ್ಟೂ ಸಾಮಾನ್ಯವಾಗಿ ಈ ಅಗಲ ಕಮ್ಮಿ ಆಗುತ್ತದೆ.

ಆದರೆ ಇದರ ನಿಜವಾದ ಮಜಾ ಇರುವುದು ಊರ ಹೊರಗಿನ ತೊಗರಿ ಹೊಲದ ಬದುವಿನಲ್ಲಿ. ಕಾಯಿಕೊರಕದ ಕಾಟಕ್ಕೆ ಕೆಲವು ರೈತರು ಹೊಲದಲ್ಲಿ ಅಲ್ಲಲ್ಲಿ ಕವಲು ಕೋಲು ನೆಟ್ಟಿರುತ್ತಾರೆ, ಹಕ್ಕಿ ಕೂತು ಹುಳ ತಿನ್ನಲಿ ಅಂತ. ಆ ಕೋಲಿನ ಮೇಲೆ ಕಾಜಾಣ ಕೂತಿರುತ್ತದೆ. ಬರಿಗಣ್ಣಿಗೆ ಅದು ಬಾಲ ಸೀಳಿದ ಒಂದು ಕರಿ ಹಕ್ಕಿ, ಅಷ್ಟೇ. ಇದರಲ್ಲಿ ನೋಡಿ, ಕೊಕ್ಕಿನ ಬುಡದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಕಾಣುತ್ತದೆ, ಬಿಸಿಲು ತಾಗಿದ ಕಡೆ ಮೈ ನೀಲಿಗೆ ತಿರುಗುತ್ತದೆ, ಗಿಡಕ್ಕೆ ಎರಗಿ ವಾಪಸ್ ಬಂದಾಗ ಕೊಕ್ಕಿನಲ್ಲಿ ಹಸಿರು ಹುಳ ಒದ್ದಾಡುತ್ತಿರುವುದೂ ಕಾಣುತ್ತದೆ, ಹುಳವನ್ನು ಕೋಲಿಗೆ ಬಡಿದು ನುಂಗಿ ಮತ್ತೆ ಕೆಳಗೆ ಕಣ್ಣು ಹಾಯಿಸುತ್ತದೆ. ಅದೇ ಹೊಲದ ಮೇಲೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಲ್ಲುವ ರಾಮದಾಸ ಹದ್ದು ಕರೆಂಟ್ ತಂತಿಗೆ ಬಂದು ಕೂತಾಗ ಅದರ ಕೆಂಪು ಕಣ್ಣು ಸಹ ಕಂಡಿತು. ಕೊಟ್ಟ ದುಡ್ಡು ವಸೂಲು ಅಲ್ವಾ?

ಒಂದು ಮಾತು. ಬೇಸಿಗೆಯಲ್ಲಿ ಒಂಬತ್ತು ಗಂಟೆ ದಾಟಿತೋ, ಕರಿ ನೆಲದ ಮೇಲೆ ಬಿಸಿಲ್ಗುದುರೆ ಕುಣಿಯೋಕೆ ಶುರು. ಆಗ ಎಷ್ಟೇ ದುಬಾರಿ ಗಾಜು ತಂದರೂ ದೂರದ ಹಕ್ಕಿ ನೀರಲ್ಲಿ ಅಲುಗಾಡಿದಂತೆ ಕಾಣುತ್ತದೆ. ಪಟ್ಟು ಜಾಸ್ತಿ ಮಾಡಿದರೆ ಅಲುಗಾಟವೂ ಜಾಸ್ತಿ. ನಮ್ಮ ಬಯಲಿಗೆ ಹತ್ತು ಪಟ್ಟು ಯಾಕೆ ಅಂತ ನಾನು ಹೇಳೋದು ಇದಕ್ಕೇ.

ಎರಡು ಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿ, ಕಂಪೌಂಡ್ ಮೇಲಿನ ಓತಿಕ್ಯಾತ, ಚಿಟ್ಟೆ, ಎಲ್ಲಕ್ಕೂ ಆಗುತ್ತದೆ. ವಾಕಿಂಗಿಗೆ ಹೋಗದ ದಿನವೂ ಕೆಲಸಕ್ಕೆ ಬರುತ್ತದೆ.

ಬೈಯ್ಯೋಕೂ ಇದೆ. ಕೊಟ್ಟಿರುವ ಪಟ್ಟಿ ಸಣ್ಣದು, ಮುಕ್ಕಾಲು ಕಿಲೋ ಹತ್ತಿರದ ತೂಕ ಅರ್ಧ ಗಂಟೆಗೆ ಕುತ್ತಿಗೆ ಕೊಯ್ಯುತ್ತದೆ. ಹೆಗಲ ಮೇಲೆ ಹಾದು ಬೆನ್ನ ಹಿಂದೆ ಕೂಡುವ ಪಟ್ಟಿ ಬೇರೆ ತಗೊಳ್ಳಿ, ಸುಮ್ನೆ ನರಳಬೇಡಿ. ಮುಂದಿನ ಮುಚ್ಚಳ ನಿಲ್ಲುವುದಿಲ್ಲ, ದಾರಿಯಲ್ಲಿ ಬಿದ್ದು ಹೋಗುತ್ತದೆ. ನೋಟದ ಅಂಚು ಮಸುಕು. ಬೆಳಗಾದ ಆಕಾಶಕ್ಕೆ ಎದುರಾಗಿ ಬೆಳ್ಳಕ್ಕಿ ಹಾರಿದರೆ ಅದರ ರೆಕ್ಕೆಗೆ ನೇರಳೆ ಅಂಚು ಕಟ್ಟಿದಂತೆ ಕಾಣುತ್ತದೆ. ಅದು ಹಕ್ಕಿಯ ಬಣ್ಣ ಅಲ್ಲ, ಅಗ್ಗದ ಗಾಜಿನ ಗುಣ. ಈ ಬೆಲೆಗೆ ಇಷ್ಟು ಸಹಿಸಬಹುದು.

ನಮ್ಮಲ್ಲಿ ಧೂಳು ಹೇಗಂತ ಗೊತ್ತಲ್ಲ. ಟವೆಲ್ಲಿನಿಂದ ಗಾಜು ಒರೆಸಿದರೆ ಗೀರು ಬೀಳುತ್ತದೆ. ಮೊದಲು ಊದುವ ರಬ್ಬರ್ ಬಲ್ಬಿನಿಂದ ಮಣ್ಣು ಹಾರಿಸಿ, ಆಮೇಲೆ ಲೆನ್ಸ್ ಬಟ್ಟೆ. ಹೊಸದು ತಂದ ದಿನವೇ ಕಣ್ಣಿಗೆ ಹೊಂದಿಸಿಕೊಳ್ಳಿ. ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ, ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆಯ ಕಣ್ಣಿನ ಹತ್ತಿರದ ಉಂಗುರ ತಿರುಗಿಸಿ. ಇದನ್ನು ಮಾಡದೆ ‘ತಲೆನೋವು ಬರುತ್ತದೆ’ ಅನ್ನುವವರೇ ಜಾಸ್ತಿ. ಕನ್ನಡಕ ಇದ್ದರೆ ಕಣ್ಣಿನ ಕಪ್ ಒಳಗೆ ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ನೋಟದ ಅರ್ಧ ಭಾಗ ಕಪ್ಪು.

ಕೈಯಲ್ಲಿ ಇದನ್ನು ಹಿಡಿದು ಹೊಲದ ಬದುವಿನಲ್ಲಿ ನಿಂತರೆ ಯಾರಾದರೂ ಬಂದೇ ಬರುತ್ತಾರೆ. ಕುರಿ ಕಾಯುವ ಕಾಕಾ ಒಬ್ಬರು ‘ಏನ್ ನೋಡ್ಲತ್ತೀರಿ ಸರ್?’ ಅಂದರು. ಕೊಟ್ಟೆ. ಅವರು ಹಕ್ಕಿ ಕಡೆ ತಿರುಗಿಸಲೇ ಇಲ್ಲ, ನೇರ ತಮ್ಮ ಕುರಿ ಕಡೆ. ‘ಅರೇ, ಕಿವಿ ಮ್ಯಾಲಿನ ಗುರ್ತ್ ಸೈತ ಕಾಣ್ಲತ್ತದಲ್ರೀ!’ ಬೆಲೆ ಹೇಳಿದ ಮೇಲೆ ಮಾತ್ರ ಬೇಗ ವಾಪಸ್ ಕೊಟ್ಟರು.

ಬೀದರ್ ಕಡೆ ಹೊಲಗಳಲ್ಲಿ ಕೃಷ್ಣಮೃಗದ ಹಿಂಡು ನೋಡೋಕೂ ಇದು ಧಾರಾಳ. ಸುರಪುರದ ಹತ್ತಿರದ ಬೋನಾಳ ಕೆರೆಗೆ ಹೋದರೆ ಮಾತ್ರ ದಂಡೆಯ ಹಕ್ಕಿಗಳಿಗಷ್ಟೇ ಇದು ಸಾಕು. ನಡು ನೀರಿನ ಬಾತುಗಳಿಗೆ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ನಿಲ್ಲಿಸುವ ಒಂಟಿ ಕೊಳವೆಯ ದುರ್ಬೀನು, ಸ್ಪಾಟಿಂಗ್ ಸ್ಕೋಪೇ ಬೇಕು, ಅದರ ಖರ್ಚೇ ಬೇರೆ. ತಗೊಳ್ಳೋದಾದರೆ ಅಂಗಡಿಗೆ ಸಂಜೆ ಹೋಗಿ, ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಹೊರಗೆ ತಂದು ಎದುರಿನ ಬೇವಿನ ಮರದ ನೆರಳಲ್ಲಿ ಎಲೆ ಎಣಿಸೋಕೆ ಆಗುತ್ತಾ ನೋಡಿ.